ಪಾಕ ಕೈಮೀರಿದ ಮೇಲೆ ಕತೆ ಕೈಗೆ ಸಿಕ್ಕಿತು

ಕೂಲಿಯವರನ್ನು ಹೀನಾಯವಾಗಿ ನಡೆಸಿಕೊಂಡ ಆಲೆಮನೆ ಮಾಲೀಕನೊಬ್ಬನಿಗೆ ಅದರ ಫಲ ತಟ್ಟುವ ಕತೆಯನ್ನು, ಹೊರಗಿನಿಂದ ಯಾವ ಶಿಕ್ಷೆಯನ್ನೂ ತಾರದೆ ಬರೆಯುತ್ತೇನೆ ಎಂದಾಗ ಮಂಡ್ಯದ ನಮ್ಮ ಬರಹಗಾರ ಗೆಳೆಯರು ನಕ್ಕಿದ್ದರು. ಕೆಟ್ಟವನಿಗೆ ಏಟು ಬೀಳದಿದ್ದರೆ ಓದುಗನಿಗೆ ಸಮಾಧಾನವಾಗದು ಎಂಬುದು ಅವರ ವಾದವಾಗಿತ್ತು. ಕತೆ ಕಳೆದ ವರ್ಷ ಅಚ್ಚಾಯಿತು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಹಸ್ತಪ್ರತಿಗಳನ್ನು ತಿದ್ದಲು ನನಗೇ ತಂದುಕೊಡುತ್ತಾರೆ.

ಮೊದಲ ಕರಡಿನಲ್ಲಿ ಮಾಲೀಕನ ಕೈ ಕುದಿಯುವ ಕೊಪ್ಪರಿಗೆಗೆ ಬಿದ್ದಿತ್ತು. ಇದು ಅಪಘಾತವೇ ಹೊರತು ಮಾಡಿದ್ದರ ಫಲವಲ್ಲ ಎಂದು ಸಂಪಾದಕರೊಬ್ಬರು ಒಂದೇ ಸಾಲಿನಲ್ಲಿ ಬರೆದು ಹಿಂದಿರುಗಿಸಿದರು. ಎರಡನೆಯದರಲ್ಲಿ ಮಗನೇ ಅವನನ್ನು ಮನೆಯಿಂದ ಹೊರಹಾಕಿದ. ಅದನ್ನು ನಾನೇ ಹರಿದುಹಾಕಿದೆ. ಮೂರನೆಯದರಲ್ಲಿ ಕೂಲಿಯವರೆಲ್ಲ ಒಂದೇ ರಾತ್ರಿ ಗಂಟುಮೂಟೆ ಕಟ್ಟಿ ಹೊರಟುಹೋದರು. ಇದು ತಕ್ಕಮಟ್ಟಿಗೆ ಚೆನ್ನಾಗಿತ್ತಾದರೂ, ಅವರು ಹೋದ ಮೇಲೆ ಮಾಲೀಕನು ದಿನವೂ ಎದುರಿಸಬೇಕಾಗಿದ್ದ ಮುಖಗಳೇ ಕತೆಯಲ್ಲಿ ಉಳಿಯಲಿಲ್ಲ. ಇಷ್ಟರಲ್ಲಿ ಡಿಟಿಪಿ, ಅಂಚೆ ಮತ್ತು ಬಸ್ಸಿನ ಖರ್ಚೆಂದು ಎರಡೂವರೆ ಸಾವಿರ ರೂಪಾಯಿಯಷ್ಟು ಕೈಬಿಟ್ಟಿತ್ತು.

ಆಮೇಲೆ ಮದ್ದೂರಿನ ಕಡೆಯ ಒಂದು ಆಲೆಮನೆಯಲ್ಲಿ ನಾಲ್ಕೈದು ರಾತ್ರಿ ಕುಳಿತೆ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ ಇಳಿಯುತ್ತದೆ ಎಂಬ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಆದರೆ ಆ ಲೆಕ್ಕವೆಲ್ಲ ಪಾಕ ನೋಡುವವನ ಎರಡು ಬೆರಳುಗಳ ಮೇಲೆ ನಿಂತಿದೆ ಎಂಬುದನ್ನು ಅಲ್ಲಿಯೇ ಕಂಡೆ. ಅವನು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ ನೋಡುತ್ತಾನೆ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಪುಸ್ತಕದಲ್ಲಿ ಇಳಿಸುವ ಹದಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಎಂದಿದೆ, ಆದರೆ ನಾನು ಕುಳಿತಿದ್ದ ಕಡೆ ಉಷ್ಣಮಾಪಕವೇ ಇರಲಿಲ್ಲ.

ನಾಲ್ಕನೆಯ ಕರಡು ಅಲ್ಲಿ ಹುಟ್ಟಿತು. ಒಂದು ಕೊಪ್ಪರಿಗೆ ಸೀದದ್ದಕ್ಕೆ ಮಾಲೀಕನು ಎಲ್ಲರೆದುರು ಪಾಕದವನ ಮುಖಕ್ಕೆ ಚಹಾ ಎರಚಿ, "ಇನ್ಮೇಲೆ ನಾ ಹೇಳೋಗಂಟ ಇಳಿಸ್ಬ್ಯಾಡ ಕಣ್ಲಾ" ಎಂದು ಬೈಯುತ್ತಾನೆ. ಪಾಕದವನು ಎದುರಾಡುವುದಿಲ್ಲ, ಕೆಲಸವನ್ನೂ ಬಿಡುವುದಿಲ್ಲ. ಮರುದಿನದಿಂದ ಪ್ರತಿ ಕೊಪ್ಪರಿಗೆಗೂ ಕೈಕಟ್ಟಿ ನಿಂತು, "ಇಳಿಸ್ಲಾ ಗೌಡ್ರೇ?" ಎಂದು ಕೇಳುತ್ತಾನೆ. ಮಾಲೀಕನಿಗೆ ಪಾಕ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಲೆಗೆ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಹಾಕುವ ಹುಡುಗನೆದುರು ಒಪ್ಪಿಕೊಳ್ಳಲೂ ಅವನಿಂದಾಗದು. ಅವನು ಆಡಿದ ಮಾತನ್ನೇ ಅಕ್ಷರಶಃ ಪಾಲಿಸುವವರ ನಡುವೆ ಅವನನ್ನು ನಿಲ್ಲಿಸಿದೊಡನೆ, ನಾನು ಬೇರೇನನ್ನೂ ಕಲ್ಪಿಸಬೇಕಾಗಲಿಲ್ಲ. ಆ ಬೈಗುಳವು ಓದುಗನ ಮನಸ್ಸಿನಲ್ಲಿ ಉಳಿಯುವಂತೆ, ಆದರೆ ಎದ್ದು ಕಾಣದಂತೆ ಅದನ್ನು ಎಲ್ಲಿ ಕೂರಿಸಿದೆ ಎಂಬುದನ್ನು ಮಾತ್ರ ಹೇಳಲಾರೆ. ಇನ್ನೂ ಒಂದೆರಡು ಕತೆಗೆ ಅದು ನನಗೆ ಬೇಕು.

ನಡುವೆ ಇಡೀ ಕತೆಯನ್ನು ಮಾಲೀಕನ ಬಾಯಲ್ಲಿ, ಮಂಡ್ಯದ ಆಡುಮಾತಿನಲ್ಲಿಯೇ ಹೇಳಿಸಿ ನೋಡಿದ್ದುಂಟು. ಕೇಳಲು ಸೊಗಸಾಗಿತ್ತು; ಆದರೆ ಅವನು ತನ್ನ ತಪ್ಪನ್ನು ತಾನೇ ಬಣ್ಣಿಸತೊಡಗಿದಾಗ ಓದುಗನಿಗೆ ಅವನ ಮೇಲೆ ಬೇಗ ಕನಿಕರ ಬಂದುಬಿಡುತ್ತಿತ್ತು. ಮೂರು ವಾರ ಅದರಲ್ಲಿಯೇ ಹೋಯಿತು. ಕೊನೆಗೆ ಮೂರು ಸಾವಿರ ಪದಗಳಷ್ಟಿದ್ದುದನ್ನು ಎರಡು ಸಾವಿರದೊಳಗೆ ಇಳಿಸಿದೆ. ಮಾಲೀಕನು ಕ್ಷಮೆ ಕೇಳುವ ಭಾಗವನ್ನು ಕಿತ್ತುಹಾಕಿದೆ. ಅವನು ನೀರಿನ ಬೋಗುಣಿಗೆ ತನ್ನ ಬೆರಳನ್ನು ಅದ್ದುವಲ್ಲಿಗೆ ಕತೆ ನಿಲ್ಲುತ್ತದೆ.

ಗೌರವಧನವಾಗಿ ಏಳುನೂರೈವತ್ತು ರೂಪಾಯಿ ಬಂದಿತು. ಪತ್ರಿಕೆಯ ಪ್ರತಿಯನ್ನು ಆ ಆಲೆಮನೆಯ ಪಾಕದವರಿಗೆ ಕೊಟ್ಟು ಬಂದೆ. ಮಗಳಿಂದ ಓದಿಸಿ ಕೇಳಿದ ಅವರು, ನಾನು ಬರೆದಷ್ಟು ಹೊತ್ತು ಬಿಟ್ಟರೆ ಬೆಲ್ಲ ಕಪ್ಪಾಗುವುದಲ್ಲ, ಕೊಪ್ಪರಿಗೆಯೇ ಹೋಗುತ್ತದೆ ಎಂದರು. ಸಂಕಲನಕ್ಕೆ ಸೇರಿಸುವಾಗ ಆ ಸಾಲನ್ನು ತಿದ್ದಿದ್ದೇನೆ.