ಗೆರಸೆಯ ಆಚೆ ಈಚೆ

ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಎರಡನೆಯ ತರಗತಿ ನನ್ನದು. ಒಮ್ಮೆ ಹಲಗೆಯ ಮೇಲೆ ತ್ರಿಕೋನವನ್ನು ತುದಿ ಕೆಳಗಾಗಿ ಬರೆದೆ. "ಟೀಚರ್, ಅದು ಬಿದ್ದಿದೆ" ಎಂದಳು ಒಬ್ಬಳು. ತ್ರಿಕೋನ ಹೌದೋ ಅಲ್ಲವೋ ಎಂದರೆ, "ಎದ್ದ ಮೇಲೆ ಹೌದು!" ತಪ್ಪು ಅವಳದಲ್ಲ, ವರ್ಷವಿಡೀ ನಾನು ತಳ ಸಮವಾಗಿಯೇ ಬರೆದಿದ್ದೆ. ಮರುದಿನ ಅಡಿಕೆ ಹಾಳೆಯಲ್ಲಿ ಉದ್ದ, ಗಿಡ್ಡ, ಓರೆ ತ್ರಿಕೋನಗಳನ್ನು ಕತ್ತರಿಸಿ ಕೈಗೇ ಕೊಟ್ಟೆ.

ಹೆಚ್ಚು ಕಲಿಸಿದ್ದು ಗೆರಸೆಯ (ಮೊರದ) ಆಟ, ಮಕ್ಕಳಿಗಿಂತ ನನಗೆ. ಇಬ್ಬರು ಎದುರುಬದುರು, ನಡುವೆ ಗೆರಸೆ ಅಡ್ಡ. ಒಬ್ಬರು ನಾಲ್ಕು ಖಾಲಿ ಬೆಂಕಿಪೆಟ್ಟಿಗೆ ಜೋಡಿಸಿ ಬಾಯಿಯಲ್ಲಿ ಹೇಳಬೇಕು, ಇನ್ನೊಬ್ಬರು ಹಾಗೆಯೇ ಕಟ್ಟಬೇಕು. ಮೊದಲ ದಿನ ಬರೀ "ಅಲ್ಲಿ ಇಡು, ಇಲ್ಲಿ ಇಡು". ಆ ಎರಡು ಪದಗಳನ್ನು ನಿಷೇಧಿಸಿದೆ. ಆಗ ಹೊರಬಂದವು ನೋಡಿ: ಅಡ್ಡ, ನೆಟ್ಟಗೆ, ತಾಗಿಸಿ, "ಮದ್ದು ಹಚ್ಚಿದ ಬದಿ ಮೇಲೆ". ಮನೆಯಲ್ಲಿ ಮಲಯಾಳ ಮಾತನಾಡುವವನೊಬ್ಬ 'ವಲತ್ತು' ಎಂದ. ಎದುರಿನ ತುಳುವಿನವಳು ಸರಿಯಾಗಿ ಬಲಕ್ಕೇ ಇಟ್ಟಳು. ನಾನು ತಿದ್ದಲು ಹೋಗಲಿಲ್ಲ.

ಗೆರಸೆ ಎತ್ತಿದರೆ ಜಗಳ. ನಾನು ಅವನ ಹಿಂದೆ ನಿಂತು ನೋಡಿದೆ. ಅವನು ಕಟ್ಟಿದ್ದಕ್ಕೆ ಅವಳದು ತಿರುಗಿಬಿದ್ದಂತೆ ಕಂಡಿತು. "ನೀನು ತಪ್ಪಿದೆ" ಎಂದುಬಿಟ್ಟೆ. ಅತ್ತಳು. ಅವಳ ಪಕ್ಕ ಕುಳಿತ ಮೇಲಷ್ಟೇ ಗೊತ್ತಾಯಿತು: ಅವನ ಬಲ ಅವಳ ಎಡ, ಅವಳು ತನ್ನ ಬಲಕ್ಕೆ ಸರಿಯಾಗಿಯೇ ಇಟ್ಟಿದ್ದಳು. ವ್ಯಾಯಾಮದ ಹೊತ್ತಿಗೆ ಮಕ್ಕಳಿಗೆ ಎದುರಾಗಿ ನಿಂತು "ಬಲಗೈ" ಎಂದು ನನ್ನ ಬಲಗೈ ಎತ್ತುತ್ತಿದ್ದವಳೂ ನಾನೇ. ಈಗ ಮೊದಲು ಒಂದು ವಾರ ಅಕ್ಕಪಕ್ಕ ಕೂರಿಸಿ ಆಡಿಸುತ್ತೇನೆ, ಎದುರುಬದುರು ಆಮೇಲೆ.

ಸದ್ಯ ನಡೆಯುತ್ತಿರುವುದು ಮುಚ್ಚಳವಿಲ್ಲದ ಪೆಟ್ಟಿಗೆಯ ಆಟ. ಐದು ಸಮಚೌಕಗಳನ್ನು ಅಂಚಿಗೆ ಅಂಚು ಕೂಡಿಸಿದರೆ, ತಿರುಗಿಸಿದ್ದನ್ನೂ ಮಗುಚಿದ್ದನ್ನೂ ಬೇರೆಯೆಂದು ಎಣಿಸದೆ, 12 ಆಕಾರಗಳಾಗುತ್ತವೆ. ಮಡಚಿದಾಗ ಪೆಟ್ಟಿಗೆಯಾಗುವುದು ಅವುಗಳಲ್ಲಿ 8 ಮಾತ್ರ. ಹಳೆಯ ಮದುವೆ ಕರೆಯೋಲೆಗಳು ಇದಕ್ಕೆ ಸಾಕು. ಮಡಚುವ ಮೊದಲು "ಆಗುತ್ತದೆ" ಅಥವಾ "ಆಗುವುದಿಲ್ಲ" ಎಂದು ಹೇಳಲೇಬೇಕು. ಇಲ್ಲದಿದ್ದರೆ ಕೈಗೆ ಕೆಲಸ, ತಲೆಗೆ ರಜೆ.

ಏಳು ಸಿಕ್ಕಿವೆ. ಮೊನ್ನೆ ಒಬ್ಬ ಎಂಟನೆಯದು ಎಂದು ಕುಣಿಯುತ್ತ ತಂದ. ಆ 'ಬಿದ್ದಿದೆ' ಹುಡುಗಿ ಅದನ್ನು ಕಿತ್ತುಕೊಂಡು, ಮಗುಚಿ, ಮೂರನೆಯದರ ಮೇಲೆ ಇಟ್ಟಳು. ಅಂಚಿಗೆ ಅಂಚು ಕೂತಿತು. ಅವನು ಮುಖ ಊದಿಸಿಕೊಂಡು ಮತ್ತೆ ಕತ್ತರಿ ಕೇಳಿದ.