ಮೀಟರ್ ತೋರಿಸಿದ 5.55 ವೋಲ್ಟ್

ಸೈನ್, ಚೌಕ, ತ್ರಿಕೋನ ಮೂರೂ ತರಂಗಗಳನ್ನು ಕೊಡುವ ಸಣ್ಣ ಫಂಕ್ಷನ್ ಜನರೇಟರ್ ಒಂದನ್ನು ಜೋಡಿಸಿ ಮುಗಿಸಿದ್ದೆ. ಮೂರಕ್ಕೂ ಪೀಕ್ 5 ವೋಲ್ಟ್, ಅಂದರೆ ಸೊನ್ನೆಯಿಂದ ಮೇಲಕ್ಕೆ 5, ಕೆಳಕ್ಕೆ 5. ಆವರ್ತನ 100 ಹರ್ಟ್ಜ್. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಸೈನ್ ತರಂಗವನ್ನು ಅಳೆದೆ: 3.54. ಐದನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ ಸಿಗುವ ಆರ್‌ಎಂಎಸ್ ಬೆಲೆಯೇ (ಪ್ರತಿ ಕ್ಷಣದ ವೋಲ್ಟೇಜನ್ನು ವರ್ಗ ಮಾಡಿ, ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿದದ್ದು) ಅದು. ಸಮಾಧಾನವಾಯಿತು.

ಚೌಕ ತರಂಗಕ್ಕೆ ಬದಲಿಸಿದೆ. 5.55!

ಚೌಕ ತರಂಗ ಅರ್ಧ ಆವರ್ತ ಕಾಲ +5ರಲ್ಲಿ, ಉಳಿದರ್ಧ −5ರಲ್ಲಿ ನಿಲ್ಲುತ್ತದೆ. ವರ್ಗ ಮಾಡಿದರೆ ಎಲ್ಲ ಕ್ಷಣದಲ್ಲೂ 25, ಹಾಗಾಗಿ ಆರ್‌ಎಂಎಸ್ ಕೂಡ 5. ಪೀಕನ್ನು ಮೀರುವ ಆರ್‌ಎಂಎಸ್ ಇರಲು ಸಾಧ್ಯವೇ ಇಲ್ಲ. ಆದರೂ ನಾನು ಮೊದಲು ಅನುಮಾನಿಸಿದ್ದು ನನ್ನ ಬೆಸುಗೆಯನ್ನೇ! ರೆಸಿಸ್ಟರುಗಳನ್ನು ಮತ್ತೆ ಅಳೆದೆ, ಸಂಕೇತವನ್ನು ವರ್ಧಿಸುವ ಆಪ್-ಆಂಪ್ ಚಿಪ್ಪನ್ನು ಕಿತ್ತು ಬೇರೆಯದನ್ನು ಕೂರಿಸಿದೆ. ಒಂದಿಡೀ ಸಂಜೆ ಹಾಗೆಯೇ ಹೋಯಿತು. ಕೊನೆಗೆ ತರಂಗದ ಆಕಾರವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಪ್ರೋಬ್ ಸಿಕ್ಕಿಸಿದರೆ, ತರಂಗದ ತಲೆ ಸರಿಯಾಗಿ +5ರ ಗೆರೆಯ ಮೇಲೆ ಮಟ್ಟಸವಾಗಿ ಕುಳಿತಿತ್ತು.

ತಪ್ಪು ಮೀಟರಿನ ಲೆಕ್ಕದಲ್ಲಿತ್ತು. ಅಗ್ಗದ ಎಷ್ಟೋ ಮೀಟರುಗಳು ಆರ್‌ಎಂಎಸ್ ಅಳೆಯುವುದಿಲ್ಲ. ತರಂಗದ ಕೆಳಭಾಗವನ್ನೂ ಮೇಲಕ್ಕೆ ಮಡಚಿ, ಸರಾಸರಿ ತೆಗೆದು, 1.11ರಿಂದ ಗುಣಿಸಿ ತೋರಿಸುತ್ತವೆ. ಹೀಗೆ ಮಡಚಿದ ಸೈನ್ ತರಂಗದ ಸರಾಸರಿ ಪೀಕಿನ 0.637 ಪಟ್ಟು, ಆರ್‌ಎಂಎಸ್ 0.707 ಪಟ್ಟು, ಇವೆರಡರ ಅನುಪಾತವೇ ಆ 1.11. ಚೌಕ ತರಂಗದಲ್ಲಿ ಸರಾಸರಿಯೂ ಆರ್‌ಎಂಎಸ್ಸೂ ಒಂದೇ. ಅಲ್ಲಿಯೂ ಮೀಟರ್ ಯಾಂತ್ರಿಕವಾಗಿ 1.11ರಿಂದ ಗುಣಿಸಿ ಶೇಕಡಾ 11ರಷ್ಟು ಹೆಚ್ಚಿಗೆ ತೋರಿಸಿತ್ತು.

ನನ್ನನ್ನು ಹೆಚ್ಚು ಹೆದರಿಸಿದ್ದು ತ್ರಿಕೋನ ತರಂಗ. ಅದರ ಸರಾಸರಿ 2.5, ಮೀಟರ್ ತೋರಿಸಿದ್ದು 2.78. ನಿಜವಾದ ಆರ್‌ಎಂಎಸ್, ಐದನ್ನು ಮೂರರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 2.89. ಶೇಕಡಾ 4ರ ಕೊರತೆ. ಚೌಕ ತರಂಗ ಅಷ್ಟು ಅಸಂಬದ್ಧವಾದ ಅಂಕಿ ಕೊಡದಿದ್ದರೆ ಇದನ್ನು ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದೆ.

ಆಮೇಲೆ, ತರಂಗದ ಆಕಾರ ಯಾವುದಿದ್ದರೂ ನಿಜವಾದ ಆರ್‌ಎಂಎಸ್ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಕೊಂಡೆ. ಚೌಕಕ್ಕೆ 5.00, ತ್ರಿಕೋನಕ್ಕೆ 2.89. ಖುಷಿಯಿಂದ ಸೊನ್ನೆಯಿಂದ 5ರವರೆಗೆ ಮಾತ್ರ ಏರಿಳಿಯುವ ಚೌಕ ತರಂಗವನ್ನು ಕೊಟ್ಟು ನೋಡಿದೆ. 3.54 ಬರಬೇಕಿತ್ತು, 2.50 ಬಂತು! ಈ ಮೀಟರ್ ಎಸಿ ವ್ಯಾಪ್ತಿಯಲ್ಲಿ ಡಿಸಿ ಭಾಗವನ್ನು, ಅಂದರೆ ತರಂಗದ ಬದಲಾಗದ ಸರಾಸರಿ ಮಟ್ಟವನ್ನು, ತಡೆದುಬಿಡುತ್ತದೆ. ಡಿಸಿಗೆ ತಿರುಗಿಸಿ ಅಲ್ಲಿನ 2.50ನ್ನೂ ಓದಿಕೊಂಡು, ಎರಡೂ ಅಂಕಿಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದ ಮೇಲೆ 3.54 ಕೈಗೆ ಬಂತು.