ಕಾರವಾರದ ವೆದರ್ ಹೆಂಗಿದೆ ಅಂತ ಕೇಳೋರಿಗೆ ನಾನು ಹೇಳೋದು

ಕಾರವಾರದಲ್ಲಿ ಟೂರಿಸ್ಟ್ ಗಾಡಿ ಓಡಿಸ್ತೀನಿ, ಗೋಕರ್ಣ, ಯಾಣ, ಶಿರಸಿ ಅಂತ ವರ್ಷಪೂರ್ತಿ ತಿರುಗೋದೇ ಕೆಲಸ. ಬುಕಿಂಗ್‌ಗೆ ಫೋನ್ ಮಾಡೋರು ರೇಟಿಗಿಂತ ಮೊದ್ಲು ಕೇಳೋದು "ಅಣ್ಣಾ, ಈಗ ಅಲ್ಲಿ ವೆದರ್ ಹೆಂಗಿದೆ?" ಅಂತ. ಮೊಬೈಲಲ್ಲಿ 33 ತೋರಿಸ್ತಿದೆ, ಬೆಂಗಳೂರಲ್ಲೂ ಅಷ್ಟೇ ಇದೆ, ಹಂಗಾದ್ರೆ ಏನೂ ತೊಂದ್ರೆ ಇಲ್ಲ ಅಲ್ವಾ ಅಂತಾರೆ. ಡಿಗ್ರಿ ನೋಡ್ಲೇಬೇಡಿ ಮಾರಾಯ್ರೆ ಅಂತೀನಿ. ಇಲ್ಲಿ ಜುಲೈಲಿ ಮಧ್ಯಾಹ್ನ 28-29, ಮೇ ತಿಂಗಳಲ್ಲಿ 33-34, ನಂಬರ್ ನೋಡಿದ್ರೆ ವರ್ಷವಿಡೀ ಅಂಥಾ ವ್ಯತ್ಯಾಸವೇ ಇಲ್ಲ. ಕಾಟ ಕೊಡೋದು ಸೆಕೆ. ಗಾಳಿಯಲ್ಲೇ ನೀರು ತುಂಬಿರತ್ತೆ, ಬೆವರು ಸುರಿಯತ್ತೆ ಆದ್ರೆ ಆರಲ್ಲ, ಆರದೇ ಮೈ ತಂಪಾಗಲ್ಲ. ಹುಬ್ಬಳ್ಳಿಯ 38ರಲ್ಲಿ ಮರದ ನೆರಳಿಗೆ ಹೋದ್ರೆ ಹಾಯ್ ಅನ್ಸತ್ತೆ, ಇಲ್ಲಿ ನೆರಳಲ್ಲೂ ಅಂಗಿ ಬೆನ್ನಿಗೆ ಅಂಟ್ಕೊಂಡೇ ಇರತ್ತೆ. ಹವಾಮಾನ ಇಲಾಖೆಯವ್ರು ಕೂಡ ಬಯಲುಸೀಮೆಯಲ್ಲಿ 40ಕ್ಕೆ ಶುರು ಮಾಡೋ ಹೀಟ್‌ವೇವ್ ಲೆಕ್ಕವನ್ನ ಕರಾವಳೀಲಿ 37ಕ್ಕೇ ಶುರು ಮಾಡ್ತಾರೆ.

ಅದಕ್ಕೇ ಮಾರ್ಚ್‌ನಿಂದ ಮೇ ತನಕ ಬರೋರಿಗೆ ನಾನು ಪ್ಲ್ಯಾನ್ ಹಾಕೋದು ಗಾಳಿ ನೋಡ್ಕೊಂಡು. ಬೆಳಿಗ್ಗೆ ಆರಕ್ಕೆ ಹೊರಟ್ರೆ ಎಲ್ಲಾ ಸಲೀಸು. ಒಂಬತ್ತು ದಾಟ್ತಿದ್ದಂಗೆ ಗಾಳಿ ಪೂರ್ತಿ ನಿಂತುಬಿಡತ್ತೆ, ತೆಂಗಿನ ಗರಿ ಕೂಡ ಅಲ್ಲಾಡಲ್ಲ, ಆ ಹೊತ್ತಲ್ಲಿ ಮಿರ್ಜಾನ್ ಕೋಟೆಗೆ ಯಾರನ್ನೂ ಇಳಿಸಲ್ಲ ನಾನು, ಕೆಂಪು ಕಲ್ಲು ಕಾದಿರತ್ತೆ, ಒಳಗೆ ನೆರಳಿನ ಜಾಗ ಕಡಿಮೆ. ಹನ್ನೊಂದು-ಹನ್ನೆರಡಕ್ಕೆ ನೆಲ ಕಾದಮೇಲೆ ಕಡಲ ಗಾಳಿ ಏಳತ್ತೆ, ಆಗ ಬಿಸಿಲು ನೆತ್ತಿ ಮೇಲಿದ್ರೂ ದಂಡೆ ಹತ್ರ ಕೂತ್ಕೋಬಹುದು. ಸಂಜೆ ಸೂರ್ಯ ಮುಳುಗಿದ ಮೇಲೆ ಇನ್ನೊಂದು ಸಲ ಸೆಕೆ ಕಟ್ಟಿಹಾಕತ್ತೆ: ಕಡಲ ಗಾಳಿ ನಿಂತಿರತ್ತೆ, ಘಟ್ಟದ ಕಡೆ ಗಾಳಿ ಇನ್ನೂ ಇಳಿದಿರಲ್ಲ. ಬೀಚ್ ಪಕ್ಕ ರೂಮು, ಕಿಟಕಿ ತೆಗೆದಿಟ್ರೆ ಸಾಕು, ಎಸಿ ಯಾಕೆ ದುಡ್ಡು ದಂಡ ಅಂದವ್ರು ರಿಸೆಪ್ಷನ್‌ಗೆ ಫೋನ್ ಮಾಡೋದು ಕರೆಕ್ಟಾಗಿ ಆ ಹೊತ್ತಿಗೆ. ಇನ್ನೊಂದು, ಫೆಬ್ರವರಿ ಅಂದ್ರೆ ಚಳಿಗಾಲ ಅಂದ್ಕೊಂಡು ಬರ್ತಾರೆ, ಆದ್ರೆ ಘಟ್ಟದ ಮೇಲಿಂದ ಒಣ ಗಾಳಿ ಜೋರಾಗಿ ಬೀಸೋ ದಿನ ಕಡಲ ಗಾಳಿಗೆ ಒಳಗೆ ಬರೋಕೇ ಆಗಲ್ಲ, ಅವತ್ತು ಮೇ ತಿಂಗಳಿಗಿಂತ ಜಾಸ್ತಿ ಡಿಗ್ರಿ ಏರಿದ್ದೂ ಇದೆ. ಎಳನೀರು, ಉಪ್ಪು ಹಾಕಿದ ಮುರುಗಲು (ಕೋಕಂ) ಶರಬತ್ತು ಕುಡೀತಾ ಇರಿ, ಬರೀ ನೀರು ಸಾಲಲ್ಲ.

ಮಳೆಗಾಲದ ಕತೆ ಬೇರೆ. ಜೂನ್ ಮೊದಲ ವಾರದ ಹೊತ್ತಿಗೆ ಹಿಡಿದ್ರೆ ಸೆಪ್ಟೆಂಬರ್ ತನಕ, ವರ್ಷಕ್ಕೆ ಸುಮಾರು 3000 ಮಿ.ಮೀ., ಬೆಂಗಳೂರಿಗೆ ಇಡೀ ವರ್ಷ ಬೀಳೋ ಮಳೆ ಹತ್ತಿರತ್ತಿರ ಇಲ್ಲಿ ಜುಲೈ ಒಂದ್ರಲ್ಲೇ. ಹಂಗಂತ ಇಪ್ಪತ್ನಾಲ್ಕು ತಾಸೂ ಸುರಿಯಲ್ಲ, ಆರಿದ್ರಾ ಮಳೆಯ ಜಡಿ ದಿನಗಳು ಬಿಟ್ರೆ ಬಾಕಿ ದಿನ ಬಂದು ಹೊಡೆದು ಹೋಗತ್ತೆ, ಮಧ್ಯೆ ಹೊಳವಾಗತ್ತೆ, ಬಿಸಿಲೂ ಬರತ್ತೆ. ಟ್ಯಾಗೋರ್ ಬೀಚಲ್ಲಿ ಗೆಸ್ಟ್‌ಗಳನ್ನ ಬಿಟ್ಟು ನಾನು ನೋಡೋದು ದೇವಗಡ ದ್ವೀಪದ ಕಡೆ. ಲೈಟ್‌ಹೌಸ್ ಕಾಣ್ತಾ ಇದ್ರೆ ಆರಾಮಾಗಿ ಅಡ್ಡಾಡ್ಲಿ ಬಿಡು ಅಂತ. ದ್ವೀಪದ ಹಿಂದೆ ಕಡಲು ಬೂದಿ ಬಣ್ಣಕ್ಕೆ ತಿರುಗಿ, ಮೊದ್ಲು ಲೈಟ್‌ಹೌಸ್ ಮಸುಕಾಗಿ, ಆಮೇಲೆ ದ್ವೀಪವೇ ಮಾಯ ಆಯ್ತು ಅಂದ್ರೆ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೀತೀನಿ, ಯಾಕಂದ್ರೆ ಕಡಲಿಂದ ಬರೋ ಮಳೆ ಅಡ್ಡಡ್ಡ ಹೊಡೆಯತ್ತೆ, ಛತ್ರಿ ಮಗುಚಿ ಕಡ್ಡಿ ಕೈಲಿ ಉಳಿಯತ್ತೆ. ರೇನ್‌ಕೋಟೇ ತನ್ನಿ. ಜೀನ್ಸ್ ತರಬೇಡಿ, ಒಂದ್ಸಲ ಒದ್ದೆ ಆದ್ರೆ ವಾಪಸ್ ಊರಿಗೆ ಹೋಗೋ ತನಕ ಒಣಗಲ್ಲ, ನಮ್ಮನೇಲಿ ನಾವೇ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ಕೊಳ್ಳೋದು. ಲೆದರ್ ಬೆಲ್ಟು, ಶೂ ಬ್ಯಾಗಲ್ಲೇ ಬಿಟ್ರೆ ಬೂಷ್ಟು ಹಿಡಿಯತ್ತೆ. ಎಸಿ ರೂಮಿಂದ ಕ್ಯಾಮೆರಾ ಸೀದಾ ಹೊರಗೆ ತಂದ್ರೆ ಲೆನ್ಸ್ ಮಂಜು ಕಟ್ಟತ್ತೆ, ಸ್ವಲ್ಪ ಹೊತ್ತು ಬ್ಯಾಗ್ ಒಳಗೇ ಇಟ್ಟು ಆಮೇಲೆ ತೆಗೀರಿ.

ನೀರಿಗಿಳಿಯೋದು ಮಾತ್ರ ಜೂನ್ ಬಂದ್ಮೇಲೆ ಬೇಡವೇ ಬೇಡ. ಕುರುಮಗಡ ದ್ವೀಪಕ್ಕೆ ಬೋಟೂ ಇರಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಹೋಟೆಲಲ್ಲಿ ಫ್ರೆಶ್ ಮೀನಿನ ಆಸೆ ಸ್ವಲ್ಪ ಕಮ್ಮಿ ಇಟ್ಕೊಳ್ಳಿ.

ಘಟ್ಟ ಹತ್ತೋ ವಿಷಯದಲ್ಲಿ ನಾನು ಖಡಕ್ಕು. ಆರೆಂಜ್ ಅಲರ್ಟ್ ಅಂದ್ರೆ ದಿನಕ್ಕೆ 115 ಮಿ.ಮೀ. ದಾಟೋ ಮಳೆ, ರೆಡ್ ಅಂದ್ರೆ 204ಕ್ಕೂ ಮೇಲೆ. ಆರೆಂಜ್ ಇದ್ರೆ ಹಗಲಲ್ಲಿ ಮಾತ್ರ, ರೆಡ್ ಇದ್ರೆ ದೇವಿಮನೆ ಘಟ್ಟದ ಕಡೆ ತಲೆ ಹಾಕಲ್ಲ, ಎಷ್ಟು ದುಡ್ಡು ಕೊಟ್ರೂ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಮೇಲೆ ಗೆಸ್ಟ್‌ಗಳೂ ವಾದ ಮಾಡೋದು ಬಿಟ್ಟಿದ್ದಾರೆ. ಟ್ರೇನಲ್ಲಿ ಬರೋರು ಕೊಂಕಣ ರೈಲ್ವೆಯ ಮಳೆಗಾಲದ ಟೈಮ್‌ಟೇಬಲ್ ಬೇರೆ ಅನ್ನೋದು ನೆನಪಿಡಿ, ಹಳೇ ಟೈಮ್ ನೋಡ್ಕೊಂಡು ಸ್ಟೇಷನ್‌ಗೆ ಹೋದ್ರೆ ಗಾಡಿ ಹೋಗಿಬಿಟ್ಟಿರಬಹುದು. ಯಾಣಕ್ಕೆ ನಡೆಯೋ ದಾರೀಲಿ ಉಂಬಳ (ಜಿಗಣೆ) ಹತ್ತತ್ತೆ, ಕಾಲಿಗೆ ಎಣ್ಣೆ-ಸುಣ್ಣ ಹಚ್ಕೊಳ್ಳಿ, ಹತ್ತಿದ್ರೆ ಕಿತ್ತೆಸೀಬೇಡಿ, ಉಪ್ಪು ಹಾಕಿ, ತಾನೇ ಬಿಡತ್ತೆ.

ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರಲ್ಲಿ ಕಾರವಾರದಿಂದ ಟೀಶರ್ಟಲ್ಲಿ ಹೊರಟವ್ರು ಅಲ್ಲಿ ಬೆಳಿಗ್ಗೆ ಚಾ ಅಂಗಡಿ ಮುಂದೆ ಕೈ ಕಟ್ಕೊಂಡು ನಡುಗ್ತಾರೆ, ಒಂದು ಸ್ವೆಟರ್ ಇರ್ಲಿ.

ಅಕ್ಟೋಬರಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ, ಬೆಳಗ್ಗೆ ಪೂರ್ತಿ ಕ್ಲಿಯರ್. ಎಲ್ರೂ ಡಿಸೆಂಬರ್-ಜನವರಿನೇ ಬೆಸ್ಟ್ ಅಂತಾರೆ, ಸೆಕೆ ಕಮ್ಮಿ ಅನ್ನೋದು ನಿಜ, ಆದ್ರೆ ರೂಮ್ ರೇಟ್ ಡಬಲ್, ಗೋಕರ್ಣದಲ್ಲಿ ಗಾಡಿ ನಿಲ್ಸೋಕೆ ಜಾಗ ಇಲ್ಲ. ನನ್ನ ಕೇಳಿದ್ರೆ ಸೆಪ್ಟೆಂಬರ್ ಕೊನೆ. ಮಳೆ ತೆಳುವಾಗಿರತ್ತೆ, ಘಟ್ಟ ಹಸಿರು, ಜೋಗದಲ್ಲಿ ನೀರಿರತ್ತೆ, ಮೀನು ಬೋಟ್‌ಗಳೂ ಕಡಲಿಗೆ ಇಳಿದಿರ್ತವೆ, ಒಂದೆರಡು ದಿನ ಒದ್ದೆ ಆಗೋಕೆ ರೆಡಿ ಇದ್ರೆ ಸಾಕು.